ಬೀಗರ ಕಾರು, ಕುರಿಯ ಸೊಂಟದ ಮೂಳೆ

ಕೊಚ್ಕೋರಿನ ಬಸ್ ನಿಲ್ದಾಣದ ಹಿಂದೆ ತುಕ್ಕು ಹಿಡಿದ ದೊಡ್ಡದೊಂದು ಕಬ್ಬಿಣದ ಪೆಟ್ಟಿಗೆಯಿದೆ, ಹಡಗಿನಲ್ಲಿ ಸಾಮಾನು ತುಂಬಿ ಕಳಿಸುವಂಥದ್ದು. ಸಮುದ್ರದ ವಾಸನೆಯೇ ಗೊತ್ತಿಲ್ಲದ ಆ ಬೆಟ್ಟದೂರಿಗೆ ಅದು ಹೇಗೆ ಬಂತೋ, ಬಂದದ್ದು ಮರಳಿ ಹೋಗಲಿಲ್ಲ. ಅದರೊಳಗೆ ಮೂವತ್ತು ವರ್ಷದಿಂದ ಅಂಗಡಿ ಹೂಡಿಕೊಂಡು ಕೂತವನು ಎಸೆನ್ಕುಲ್. ಕಾರಿನ ಕರೆಂಟಿನ ಕೆಲಸವೆಂದರೆ ಆ ಕಣಿವೆಗೆಲ್ಲ ಅವನೊಬ್ಬನೇ. ಗಾಲಿ, ಬ್ರೇಕು, ಗೇರು ಇವನ್ನು ಅವನು ಮುಟ್ಟುತ್ತಿರಲಿಲ್ಲ. ಅವೆಲ್ಲ ಲಾಳ ಕಟ್ಟುವವರ ಕೆಲಸ ಎಂದು ಬಿಡುತ್ತಿದ್ದ.

ಅವನು ಓದಿದ ಶಾಲೆ ಎಂದರೆ ಸಾಮೂಹಿಕ ಬೇಸಾಯದ ಕಾಲದ ಟ್ರ್ಯಾಕ್ಟರ್ ಶೆಡ್ಡು. ಪುಸ್ತಕ ಮುಟ್ಟಿದವನಲ್ಲ. ಕಾಯಿಲ್ ಕೆಟ್ಟಿದೆಯೋ ಇಲ್ಲವೋ ನೋಡಲು ಊರಿನ ಉಳಿದ ಮೆಕ್ಯಾನಿಕ್‌ಗಳು ಮೀಟರು ಹಿಡಿದರೆ ಇವನು ತನ್ನ ಬಲಗೈಯನ್ನೇ ಹಿಡಿಯುತ್ತಿದ್ದ. ಕಾಯಿಲ್ ಎಂದರೆ ಬ್ಯಾಟರಿಯ ಹನ್ನೆರಡು ವೋಲ್ಟನ್ನು ಉಬ್ಬಿಸಿ ಸಾವಿರಾರು ಮಾಡಿ, ಪ್ಲಗ್ಗಿಗೆ ಕಿಡಿ ಕಳಿಸುವ ಕಪ್ಪು ಡಬ್ಬಿ. ಅದರ ದಪ್ಪ ವೈರಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, "ಕೀ ತಿರುಗಿಸು" ಎನ್ನುತ್ತಿದ್ದ. ಹೊಡೆತ ಮಣಿಕಟ್ಟಿಗೇ ನಿಂತರೆ ಕಾಯಿಲ್ ಮುದಿಯಾಯಿತು. ಮೊಣಕೈಗೆ ಬಂದರೆ ಇನ್ನೊಂದು ಚಳಿಗಾಲ ತಳ್ಳುತ್ತದೆ. ಹೆಗಲಿಗೇರಿದರೆ ಹೊಸದು. ಒಮ್ಮೆ ನಾರಿನ್ ಕಡೆಯ ಟ್ಯಾಕ್ಸಿಯವನೊಬ್ಬ ಕಾರು ಮಾರುವ ಮುಂಚೆ ಬಂದು, "ಮೇಸ್ತ್ರಿ, ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಅಂತ ಒಂದು ಚೀಟಿ ಬರ್ಕೊಡಿ" ಎಂದು ಕೇಳಿದ್ದನಂತೆ. ಎಸೆನ್ಕುಲ್ ಪ್ರಾಮಾಣಿಕ. ಎರಡು ಬೆರಳು ಎಂದು ಬರೆದುಕೊಟ್ಟ.

ಅಳಿಯ ತಂದುಕೊಟ್ಟ ಮೀಟರೊಂದು ಅಂಗಡಿಯಲ್ಲಿತ್ತು. ಅದನ್ನು ಉಣ್ಣೆಯ ಚೀಲದಲ್ಲಿ ಸುತ್ತಿ ಮೇಲಿಟ್ಟಿದ್ದ. ತನಗೂ ಮೀಟರಿಗೂ ಮಾತು ತಾಳೆಯಾಗದಿದ್ದರೆ ಮೀಟರೇ ಸುಳ್ಳು ಹೇಳಿದ್ದು ಎಂದು ಅವನ ನಂಬಿಕೆ. ಅಷ್ಟು ವರ್ಷ ಹೊಡೆಸಿಕೊಂಡ ಫಲವೋ ಏನೋ, ಅವನ ಬಲಮೀಸೆ ಎಡಮೀಸೆಗಿಂತ ಸ್ವಲ್ಪ ಮೇಲಕ್ಕೆ ಎದ್ದು ನಿಂತಿತ್ತು.

ಇಂಥ ಮನುಷ್ಯನಿಗೆ ಒಂದೇ ಚಟ: ಉಪದೇಶ. ಬಾನೆಟ್ ಎತ್ತಿದನೆಂದರೆ ಸುತ್ತ ನಿಂತವರಿಗೆ, ಯಾರೂ ಇಲ್ಲದಿದ್ದರೆ ಹಾದಿಯ ಕತ್ತೆಗೆ, ಕಾರಿನ ಅಂಗಾಂಗಗಳ ಪಾಠ ಶುರು.

ಅವನ ಮಗಳು ಜಿಪಾರಳನ್ನು ಕೊಟ್ಟದ್ದು ಹೊಳೆಯಾಚೆಯ ಹಳ್ಳಿಗೆ. ಬೀಗರ ಹೆಸರು ತೊಕ್ತೊಮುಶ್. ಮೂವತ್ತೆಂಟು ವರ್ಷ ದನದ ಡಾಕ್ಟರಾಗಿದ್ದು ನಿವೃತ್ತನಾದವನು. ಗಂಭೀರ ಮನುಷ್ಯ. ಕುದುರೆಯ ಹೊಟ್ಟೆಯೊಳಕ್ಕೆ ಹೆಗಲವರೆಗೆ ಕೈ ಹಾಕಿ ಮರಿ ಎಳೆದವನು, ಆದರೆ ತನ್ನ ಕಾರಿನ ಬಾನೆಟ್ ಒಂದು ಸಲವೂ ಎತ್ತಿದವನಲ್ಲ. ಪರರ ಹೊದಿಕೆ ಎತ್ತಿದ ಹಾಗೆ ಆಗುತ್ತದಂತೆ. ಕಾರು ಕೆಂಪು ಬಣ್ಣದ ಹಳೆಯ ಜರ್ಮನ್ ಕಾರು. ಆ ಕಾರಿನ ಮುಂದಿನ ಸೀಟು ಅವನ ತಾಯಿ ಕನಿಂಬು ಅಜ್ಜಿಯದು. ಎಂಬತ್ತನಾಲ್ಕು ವರ್ಷದ ಆಕೆ ಜೊತೆಗಿಲ್ಲದೆ ಅದು ಅಂಗಳ ಬಿಟ್ಟು ಕದಲುತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ಆ ಕಾರಿನ ಕಾಯಿಲ್ ನಿಜಕ್ಕೂ ಸತ್ತಿತು. ಎಸೆನ್ಕುಲ್ ಹೊಸದು ಹಾಕಿದ. ಹೆಗಲವರೆಗೆ ಹೊಡೆಯಿತು, ಸರಿಯಾಯಿತು ಎಂದು ಕಳಿಸಿದ. ವಾರ ಕಳೆಯುವುದರೊಳಗೆ ಕಾರು ಸೇತುವೆಯ ಮೇಲೆ ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆದು, ಮಾರನೆಯ ದಿನ ಅಂಗಡಿಗೆ ಎಳೆದು ತಂದರೆ ಅರ್ಧ ಸುತ್ತು ಕೀಗೇ ಎದ್ದು ಗುರ್ರೆಂದಿತು. ಪ್ಲಗ್ ಬದಲಿಸಿದ, ಕಳಿಸಿದ. ಮತ್ತೆ ಸೇತುವೆ. ವೈರುಗಳನ್ನು ಬದಲಿಸಿದ. ಮತ್ತೆ ಸೇತುವೆ. ಇನ್ನೊಂದು ಕಾಯಿಲ್ ಹಾಕಿದ. ಮತ್ತದೇ ಸೇತುವೆ, ಅದೇ ಟ್ರ್ಯಾಕ್ಟರು.

ಜೂನ್‌ನಲ್ಲಿ ಬೀಗರ ಮನೆಯಲ್ಲಿ ಊಟವಾಯಿತು. ಅರವತ್ತು ಜನ. ಕುರಿ ಬೇಯಿಸಿ ತಟ್ಟೆಗೆ ಬಡಿಸುವಾಗ ಯಾರಿಗೆ ಯಾವ ಮೂಳೆ ಬರುತ್ತದೆ ಎನ್ನುವುದರಲ್ಲೇ ಮನುಷ್ಯನ ತೂಕ. ಮರ್ಯಾದಸ್ಥ ಹಿರಿಯರಿಗೆ ಸೊಂಟದ ಮೂಳೆ. ಮನೆಯ ಹಿರಿಮುದುಕಿಗೆ ಬಾಲದ ಬುಡದ ಮೂಳೆ. ಆಮೇಲೆ ತೊಡೆ, ಹೆಗಲು ಎಂದು ಇಳಿದು ಇಳಿದು ಕಡೆಗೆ ಬೆನ್ನಿನ ಗೆಣ್ಣು. ಅದು ಬಾಗಿಲ ಬಳಿ ಕೂರುವ ಪಡ್ಡೆಗಳ ಪಾಲು. ಹೆಣ್ಣು ಕೊಟ್ಟ ಮಾವ ಎಸೆನ್ಕುಲನ ತಟ್ಟೆಗೆ ಅಂದು ಬಂದದ್ದು ಬೆನ್ನಿನ ಗೆಣ್ಣು. ಅರವತ್ತು ಜನರೂ ಅದನ್ನು ನೋಡಿದರು. ಎಲ್ಲರೂ ಒಟ್ಟಿಗೆ ಚಹಾ ಹೀರಿದರು.

ಅಲ್ಲಿಂದ ಅವನಿಗೆ ತುತ್ತು ಇಳಿಯಲಿಲ್ಲ. ಹೆಂಡತಿ ಬುರುಲ್ ಗಾಯಕ್ಕೆ ಉಪ್ಪು ಸವರದೆ ಬಿಡುವ ಹೆಂಗಸಲ್ಲ. ಮನೆಯಲ್ಲಿ ಸಾರು ಮಾಡಿದಾಗಲೆಲ್ಲ ಸೌಟಿನಲ್ಲಿ ಹುಡುಕಿ ಹುಡುಕಿ ಗೆಣ್ಣು ತೆಗೆದು, ಅಭ್ಯಾಸ ತಪ್ಪಬಾರದಲ್ಲ ಎಂದು ಅವನ ಬಟ್ಟಲಿಗೆ ಹಾಕುತ್ತಿದ್ದಳು.

ಅಕ್ಟೋಬರಿನ ಒಂದು ಬುಧವಾರ ಕೆಂಪು ಕಾರು ಮತ್ತೆ ಟ್ರ್ಯಾಕ್ಟರಿನ ಬಾಲ ಹಿಡಿದು ಬಂತು. ತೊಕ್ತೊಮುಶ್ ಇಳಿದು ಬಾಗಿಲನ್ನು ಮೆಲ್ಲಗೆ ಹಾಕಿದ. ಎಸೆನ್ಕುಲ್ ಕೀ ತಿರುಗಿಸಿದ. ಕಾರು ಅರ್ಧ ಸುತ್ತಿಗೆ ಎದ್ದಿತು.

"ನೋಡಿ ಬೀಗರೇ," ಎಂದ ತೊಕ್ತೊಮುಶ್. "ನಿಮ್ಮನೇಲಿ ಇದು ಮದುಮಗ, ನಮ್ಮನೇಲಿ ಹೆಣ. ನಡುವೆ ಇರೋದು ಆರು ಕಿಲೋಮೀಟರ್ ದಾರಿ. ದಾರಿಗೇ ರೋಗ ಅಂತ ಮಾತ್ರ ಹೇಳ್ಬೇಡಿ, ಹೋದ್ಸಲ ಅದನ್ನೇ ಹೇಳಿದ್ರಿ."

ಎಸೆನ್ಕುಲ್ ಅದನ್ನೇ ಹೇಳಲು ಬಾಯಿ ತೆರೆದಿದ್ದ, ಮುಚ್ಚಿಕೊಂಡ.

"ಭಾನುವಾರ ಮೊಮ್ಮಗನ ಕಾಲಿನ ದಾರ ಕತ್ತರಿಸ್ತೀವಿ. ಕೂಸು ನಡೆಯೋಕೆ ಶುರು ಮಾಡೈತೆ, ಊರಿಗೆಲ್ಲ ಊಟ. ಶನಿವಾರ ನಾನು ಇದೇ ಕಾರಲ್ಲಿ ಹೋಗಿ ಕುರಿ ತರ್ತೀನಿ. ನಿಲ್ಲದೆ ಮನೆ ಮುಟ್ಟಿದ್ರೆ ಆ ಕುರಿ ಸೊಂಟದ ಮೂಳೆ ನಿಮ್ಮ ತಟ್ಟೇಲಿ. ನಿಂತ್ರೆ ಬಾಲಿಕ್ಚಿ ಪೇಟೆಯಿಂದ ಆ ಕಂಪ್ಯೂಟರ್ ಹಿಡ್ಕೊಂಡು ಕಾರು ನೋಡ್ತಾನಲ್ಲ, ಅವನ್ನ ಕರೀತೀನಿ. ಮೂಳೆನೂ ಅವನಿಗೇ."

"ಈ ಕಾರಿಗೆ ಕಂಪ್ಯೂಟರ್ ಚುಚ್ಚೋಕೆ ತೂತೇ ಇಲ್ಲ ಬೀಗರೇ."

"ಕೊರೀತಾನೆ ಬಿಡಿ," ಎಂದು ತೊಕ್ತೊಮುಶ್ ಟ್ರ್ಯಾಕ್ಟರ್ ಹತ್ತಿ ಹೋದ.

ಎರಡು ದಿನ ಎಸೆನ್ಕುಲ್ ಬೇರೆ ಗಿರಾಕಿಯ ಮುಖ ನೋಡಲಿಲ್ಲ. ಎಂಜಿನ್ ಓಡುವಾಗ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಕಿವಿಗೊಟ್ಟ. ಯಾವುದನ್ನು ಕಿತ್ತರೂ ಎಂಜಿನ್ ಕುಂಟಿತು, ಅಂದರೆ ನಾಲ್ಕೂ ದುಡಿಯುತ್ತಿವೆ. ಬಲ್ಬು ಹಿಡಿದು ಕಾಯಿಲಿಗೆ ಬ್ಯಾಟರಿಯ ಕರೆಂಟು ಬರುತ್ತಿದೆಯೇ ನೋಡಿದ, ಬಲ್ಬು ಸೂರ್ಯನ ಹಾಗೆ ಉರಿಯಿತು. ಕಂಬಳಿ ಹೊದ್ದು ಬಾನೆಟ್ಟಿನೊಳಗೆ ತಲೆ ತೂರಿಸಿ, ವೈರಿನ ಮೇಲೆ ನೀರು ಚಿಮುಕಿಸಿ, ಕತ್ತಲಲ್ಲಿ ಎಲ್ಲಾದರೂ ನೀಲಿ ಕಿಡಿ ಹಾರಿ ಕರೆಂಟು ಸೋರುತ್ತಿದೆಯೇ ಎಂದು ಹುಡುಕಿದ. ಸೋರಲಿಲ್ಲ. ಕಡೆಗೆ, ಯಾರೂ ನೋಡದಾಗ, ಮೇಲಿಂದ ಮೀಟರನ್ನೂ ಇಳಿಸಿದ. ಕಾಯಿಲಿನ ಒಳಸುರುಳಿ ಹೊರಸುರುಳಿ ಎರಡೂ ಸರಿಯಾಗಿವೆ ಎಂದು ಮೀಟರು ಹೇಳಿತು. ಅವರಿಬ್ಬರೂ ಒಪ್ಪಿದ್ದು ಅದೇ ಮೊದಲು, ಅದೂ ಇಂಥ ಹೊತ್ತಿನಲ್ಲಿ.

ಶುಕ್ರವಾರ ಅಳಿಯ ಬಂದು ಕಾರು ಒಯ್ದ. ಅಂದು ರಾತ್ರಿಯೂಟಕ್ಕೆ ಕೂತಾಗ ಬುರುಲ್ ಅವನ ಬಟ್ಟಲಿಗೆ ಗೆಣ್ಣು ಹಾಕಲಿಲ್ಲ. ಅಷ್ಟು ಬಾಡಿತ್ತು ಅವನ ಮುಖ.

"ಮನೇಲಿ ಅಳೋ ಕೂಸು ಡಾಕ್ಟರ ಹತ್ರ ಹೋದ್ರೆ ನಗುತ್ತೆ," ಎಂದಳು. "ನೀವೇ ಒಂದ್ಸಲ ಅದರ ಮನೆಗೆ ಹೋಗಿ ನೋಡ್ರೀ."

ಹೆಂಗಸಿಗೆ ಕರೆಂಟಿನ ವಿಷಯ ಏನು ಗೊತ್ತು ಎಂದು ಎಸೆನ್ಕುಲ್ ಗದರಿದ. ಬೆಳಗೆದ್ದು, ತನಗೇ ಹೊಳೆದದ್ದೆಂಬ ಠೀವಿಯಲ್ಲಿ, ತಲೆಗೆ ಬಿಳಿಯ ಉಣ್ಣೆಟೋಪಿ ಇಟ್ಟುಕೊಂಡು ಹೇಳದೆ ಕೇಳದೆ ಬೀಗರ ಅಂಗಳಕ್ಕೆ ಹೋಗಿ ನಿಂತ. ತೊಕ್ತೊಮುಶ್ ಕುರಿ ತರಲು ಹೊರಟಿದ್ದ. ಅಜ್ಜಿ ಆಗಲೇ ಮುಂದಿನ ಸೀಟಿನಲ್ಲಿದ್ದಳು. ನಾನೂ ಬರುತ್ತೇನೆ ಎಂದು ಎಸೆನ್ಕುಲ್ ಹಿಂದೆ ಹತ್ತಿದ್ದು ಕಂಡು ಆಕೆಯ ಮುಖ ಹುಳಿ ಮೊಸರು ಕುಡಿದ ಹಾಗಾಯಿತು. ಕಾಲು ನೋವು, ಹೊಟ್ಟೆ ನೋವು, ಇವತ್ತು ಬೇಡ ನಾಳೆ ಹೋಗೋಣ ಎಂದೆಲ್ಲ ಹೇಳಿ ನೋಡಿದಳು. ನಾಳೆ ತಂದ ಕುರಿಯನ್ನು ನಾಳೆಯೇ ಬೇಯಿಸಿ ಬಡಿಸುವುದು ಹೇಗಮ್ಮ ಎಂದು ಮಗ ಗಾಡಿ ಬಿಟ್ಟ.

ಹೋಗುವಾಗ ಕಾರು ಬೆಣ್ಣೆಯಂತೆ ಹೋಯಿತು. ಸೇತುವೆಯನ್ನೂ ದಾಟಿತು. ಕುರುಬನ ಹಟ್ಟಿಯಲ್ಲಿ ಕೊಬ್ಬಿದ ಟಗರನ್ನು ಆರಿಸಿ, ಕಾಲು ಕಟ್ಟಿ, ಹಿಂದಿನ ಸೀಟಿನಲ್ಲಿ ಎಸೆನ್ಕುಲನ ಪಕ್ಕಕ್ಕೆ ಕೂರಿಸಿದರು. ಟಗರು ಅವನ ತೊಡೆಯ ಮೇಲೆ ತಲೆಯಿಟ್ಟಿತು. ಅದರ ಸೊಂಟ ಅವನ ಸೊಂಟಕ್ಕೆ ಒತ್ತುತ್ತಿತ್ತು. ಉಣ್ಣೆಯ ಮೇಲಿಂದಲೇ ಕೈಯಾಡಿಸಿ ನೋಡಿದ: ಮೂಳೆ ಅಗಲವಾಗಿತ್ತು, ಮಾಂಸ ತುಂಬಿತ್ತು. ಇದು ನನ್ನದು ಎಂದುಕೊಂಡ. ಟಗರು ಅವನ ಮುಖ ನೋಡಿ ಕಣ್ಣು ಮುಚ್ಚಿಕೊಂಡಿತು.

ಮರಳಿ ಬರುವಾಗ ಸೇತುವೆಯ ತುದಿಯ ಗುಂಡಿಗೆ ಗಾಲಿ ಇಳಿದೆದ್ದಿತು. ಕಾರು ಎರಡು ಸಲ ಸೀನಿ ನಿಂತೇಬಿಟ್ಟಿತು.

ತೊಕ್ತೊಮುಶ್ ಹಿಂತಿರುಗಿಯೂ ನೋಡಲಿಲ್ಲ. ಎರಡು ಕೈಯನ್ನೂ ಸ್ಟೇರಿಂಗಿನ ಮೇಲಿಟ್ಟು ಹೊಳೆಯನ್ನು ನೋಡುತ್ತ ಒಂದೇ ಮಾತು ಹೇಳಿದ.

"ಬೆನ್ನಿನ ಗೆಣ್ಣು."

ಎಸೆನ್ಕುಲ್ ಟಗರಿನ ತಲೆಯನ್ನು ಮೆಲ್ಲಗೆ ಸರಿಸಿ ಇಳಿದ. ಅವನು ಬಾನೆಟ್ಟಿಗೆ ಕೈ ಹಾಕುವಷ್ಟರಲ್ಲಿ ಅಜ್ಜಿ ಇಳಿದು ಬಂದು ಅದಕ್ಕೆ ಬೆನ್ನು ಕೊಟ್ಟು ಒರಗಿ ನಿಂತುಬಿಟ್ಟಿದ್ದಳು. ಎಂಬತ್ತನಾಲ್ಕರ ಕಾಲಿಗೆ ಆ ಚುರುಕು ಎಲ್ಲಿಂದ ಬಂತೋ.

"ತೆಗೀಬ್ಯಾಡ ಮಗಾ, ಬಿಸಿ ಐತೆ."

"ಬಿಸಿಗೆ ಹೆದರಿದ್ರೆ ಈ ಕಸುಬು ಮಾಡೋಕಾಯ್ತದಾ ಅಜ್ಜಿ?"

"ತಣ್ಣಗೂ ಐತೆ."

ಅವನು ಬಾನೆಟ್ಟಿನ ಅಂಚು ಹಿಡಿದೇ ನಿಂತ. ಆಕೆಯೂ ನಿಂತಳು. ಕಡೆಗೆ, ಬಿಡುವ ಆಸಾಮಿಯಲ್ಲ ಎಂದು ಕಂಡು ಮುದುಕಿ ಅವನ ತೋಳು ಹಿಡಿದು ಕಿವಿಗೆ ಬಾಯಿಟ್ಟು, ಮಗನಿಗೆ ಮಾತ್ರ ಕಾಣಬಾರದು ಎಂದಳು. ಬಾನೆಟ್ ಮೇಲೆದ್ದರೆ ಒಳಗೆ ಕೂತವನಿಗೆ ಏನೂ ಕಾಣುವುದಿಲ್ಲ. ಅವನು ಎತ್ತಿದ.

ಕಾಯಿಲಿನ ಕತ್ತಿಗೆ, ದಪ್ಪ ವೈರು ಹೊರಡುವಲ್ಲೇ, ಮೂರು ಮೂಲೆಯ ಚರ್ಮದ ತಾಯಿತವೊಂದು ಕೆಂಪು ದಾರದಲ್ಲಿ ನೇತಾಡುತ್ತಿತ್ತು. ಅದಕ್ಕೊಂದು ಗೊಂಡೆ, ಗೇಣುದ್ದದ ಬೆಳ್ಳಿಯ ಸರಪಳಿ. ಸರಪಳಿಯ ಒಂದು ತುದಿ ವೈರಿನ ಬುಡಕ್ಕೆ ಸುತ್ತಿಕೊಂಡಿತ್ತು, ಇನ್ನೊಂದು ತುದಿ ಗುಂಡಿಯ ಕುಲುಕಿಗೆ ಜಾರಿ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಮಲಗಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿಯೆಲ್ಲ ಬೆಳ್ಳಿಯ ದಾರಿ ಹಿಡಿದು ಕಬ್ಬಿಣಕ್ಕೆ ಇಳಿದುಹೋಗುತ್ತಿತ್ತು. ಏಳು ತಿಂಗಳ ಒಗಟು ಅಲ್ಲಿ ಗೊಂಡೆ ಸಮೇತ ತೂಗುತ್ತಿತ್ತು.

ಎಸೆನ್ಕುಲ್ ಬಾಗಿ ಸರಪಳಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿದ. ಅದೇ ಹೊತ್ತಿಗೆ ಒಳಗಿದ್ದ ತೊಕ್ತೊಮುಶ್ ಬೇಸರಕ್ಕೆ ಒಂದು ಸಲ ಕೀ ತಿರುಗಿಸಿದ.

ಹೊಡೆತ ಮಣಿಕಟ್ಟು ದಾಟಿತು, ಮೊಣಕೈ ದಾಟಿತು, ಹೆಗಲು ದಾಟಿತು. ಅಲ್ಲಿಂದ ಮುಂದಕ್ಕೆ ಅವನ ಬಳಿ ಅಳತೆಯೇ ಇರಲಿಲ್ಲ. ಹಲ್ಲಿನ ಬೇರುಗಳು ಒಂದೊಂದಾಗಿ ಹೆಸರು ಹೇಳಿಕೊಂಡವು. ಉಣ್ಣೆಟೋಪಿ ಹಾರಿ ಸೇತುವೆಯ ಕಂಬಿ ನೆಗೆದು ಹೊಳೆಗೆ ಬಿದ್ದು, ದೋಣಿಯಂತೆ ತೇಲುತ್ತ ಕೆಳಗೆ ಹೋಯಿತು. ಹಿಂದಿನ ಸೀಟಿನಲ್ಲಿ ಟಗರು ಅರಚಿತು. ಕಾಯಿಲ್ ಹೊಸದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

"ಏನಂತೆ?" ಎಂದು ಒಳಗಿಂದ ಬೀಗ ಕೇಳಿದ.

"ನೋಡ್ತಾ ಇದೀನಿ," ಎಂದ ಎಸೆನ್ಕುಲ್. ದನಿ ಬೇರೆಯವರದ್ದಾಗಿತ್ತು.

ಆಮೇಲೆ ಬಾನೆಟ್ಟಿನ ಮರೆಯಲ್ಲಿ ಪಿಸುಮಾತು ನಡೆಯಿತು. ಇದೇನಜ್ಜಿ ಎಂದು ಅವನು ಕೇಳಿದ.

"ನೀನೇ ಹೇಳಿದ್ದು ಕಣಪ್ಪ," ಎಂದಳು ಮುದುಕಿ. "ಮಾರ್ಚಲ್ಲಿ ನಿನ್ನ ಅಂಗಡಿ ಮುಂದೆ ಕೂತಿದ್ದೆ. ಈ ಕರೀ ಡಬ್ಬಿ ತೋರಿಸಿ, ಇದೇ ಕಾರಿನ ಎದೆ, ಇದಕ್ಕೆ ಯಾರದಾದ್ರೂ ಕಣ್ಣು ಬಿತ್ತೋ ಕಾರು ಸತ್ತ ಹಾಗೇನೆ ಅಂದೆ. ಈ ಕಾರಲ್ಲಿ ನನ್ನ ಮರಿಮೊಮ್ಮಗ ಓಡಾಡ್ತಾನೆ. ಕಣ್ಣು ಬೀಳೋಕೆ ಬಿಡ್ತೀನಾ ನಾನು?"

ಅವನಿಗೆ ನೆನಪಾಯಿತು. ಅಂದು ಸುತ್ತ ಐದಾರು ಜನ ನಿಂತಿದ್ದರು, ಪಾಠ ರಂಗೇರಿತ್ತು.

"ಮತ್ತೆ ನನ್ನಂಗಡಿಗೆ ಬಂದಾಗ ಯಾಕಿರಲ್ಲ?"

"ನಿನ್ನ ಎಣ್ಣೆಗೈ ತಾಗಿ ಮೈಲಿಗೆ ಆದ್ರೆ? ಬಿಚ್ಚಿಟ್ಕೊಂಡು ಕಳಿಸ್ತಿದ್ದೆ. ಬಂದಮೇಲೆ ಮತ್ತೆ ಕಟ್ತಿದ್ದೆ. ಕೆಟ್ಟಾಗಲೆಲ್ಲ ಕಣ್ಣು ಜೋರಾಗೈತೆ ಅಂತ ಸರಪಳಿಗೆ ಒಂದೊಂದು ಕೊಂಡಿ ಸೇರಿಸ್ದೆ."

ಎಸೆನ್ಕುಲನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗೆಲುವು ಅವನ ಕೈಯಲ್ಲೇ ತೂಗುತ್ತಿತ್ತು. ಬಾನೆಟ್ ಇಳಿಸಿ ಈ ಗೊಂಡೆಯನ್ನು ಬೀಗರ ಮೂಗಿನ ಮುಂದೆ ಹಿಡಿದರೆ ಸಾಕು, ಸೊಂಟದ ಮೂಳೆ ತಾನಾಗಿ ನಡೆದು ತಟ್ಟೆಗೆ ಬರುತ್ತದೆ. ಆದರೆ ತೊಕ್ತೊಮುಶ್ ಮೂವತ್ತೆಂಟು ವರ್ಷ ಹಟ್ಟಿ ಹಟ್ಟಿ ತಿರುಗಿ, ಕಾಯಿಲೆ ಹಸುವಿನ ಕೊರಳಿಗೆ ತಾಯಿತ ಕಟ್ಟಿದವರನ್ನೆಲ್ಲ ಬೈದು ಸೂಜಿ ಹಾಕಿದವನು. ಅವನ ಕಾರಿನಲ್ಲೇ ತಾಯಿತ, ಅದೂ ಅವನ ತಾಯಿಯೇ ಕಟ್ಟಿದ್ದು ಎಂದರೆ ನಾಳೆ ಅರವತ್ತು ಜನರ ಮುಂದೆ ಊಟಕ್ಕಿಂತ ಆ ಮಾತೇ ಹೆಚ್ಚು ಬಡಿಸಲ್ಪಡುತ್ತದೆ. ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು. ಬೇಡಿಕೊಳ್ಳಲಿಲ್ಲ. ತಲೆಯ ಬಿಳಿ ವಸ್ತ್ರದ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದಳು.

ಅವನು ದಾರ ಬಿಚ್ಚಿದ. ತಾಯಿತವನ್ನು ಎಣ್ಣೆಗೈ ತಾಗದಂತೆ ಅಂಗಿಯ ತುದಿಯಲ್ಲಿ ಹಿಡಿದು ಆಕೆಗೆ ಕೊಟ್ಟ. ಆಕೆ ಅದನ್ನು ಬೂಟಿನೊಳಗೆ ಇಳಿಸಿದಳು. ಬಾನೆಟ್ ಹಾಕಿ ಕಿಟಕಿಯ ಬಳಿ ಹೋಗಿ, ಬರಿತಲೆಯಲ್ಲಿ ನಿಂತು, ಅವನು ಹುಟ್ಟಿದ ಮೇಲೆ ಆಡಿರದ ಮಾತೊಂದನ್ನು ಆಡಿದ.

"ನನ್ನದೇ ತಪ್ಪು ಬೀಗರೇ. ವೈರು ಸಡಿಲ ಕೂರಿಸಿದ್ದೆ."

ತೊಕ್ತೊಮುಶ್ ಅವನನ್ನು ಕಾಯಿಲೆಯ ಕುದುರೆಯನ್ನು ನೋಡುವ ಹಾಗೆ ಒಂದು ಗಳಿಗೆ ನೋಡಿದ.

"ಇದನ್ನ ಮಾರ್ಚಲ್ಲೇ ಹೇಳಿದ್ರೆ ಟ್ರ್ಯಾಕ್ಟರಿನ ಡೀಸೆಲ್ ಉಳೀತಿತ್ತು," ಎಂದ.

ಕಾರು ಅರ್ಧ ಸುತ್ತಿಗೆ ಎದ್ದು, ಗುಂಡಿಗಳನ್ನೆಲ್ಲ ನುಂಗಿಕೊಂಡು ಮನೆ ಸೇರಿತು. ಟಗರನ್ನು ಇಳಿಸುವ ಗಡಿಬಿಡಿಯಲ್ಲಿ ಅಜ್ಜಿ ಮತ್ತೆ ಅವನ ತೋಳು ಹಿಡಿದಳು. ಎದೆ ಬರಿದಾಯಿತಲ್ಲ, ಇನ್ನೆಲ್ಲಿ ಕಟ್ಟಲಿ ಎಂಬುದು ಆಕೆಯ ಚಿಂತೆ. ಎಲ್ಲೂ ಬೇಡ ಎಂದರೆ ಕೇಳುವ ಜೀವವಲ್ಲ. ಎಸೆನ್ಕುಲ್ ಮೀಸೆ ಸವರಿಕೊಂಡು ಯೋಚಿಸಿದ. ಅವನ ಗಂಟಲಿಗೆ ಹಳೆಯ ದನಿ ಮರಳಿ ಬಂತು.

"ನೋಡಜ್ಜಿ, ಕಾರು ಎದುರಿಗೆ ಬರೋವಾಗ ಯಾರೂ ಕಣ್ಣು ಹಾಕಲ್ಲ, ಪಕ್ಕಕ್ಕೆ ಸರೀತಾರೆ. ದಾಟಿ ಹೋದಮೇಲೆ ಹಿಂದಿಂದ ನೋಡಿ, ಅಬ್ಬಾ ಎಂಥಾ ಕಾರು ಅಂತಾರೆ. ಕಣ್ಣು ಬೀಳೋದು ಹಿಂದಕ್ಕೆ. ಡಿಕ್ಕಿಯೊಳಗೆ ಕಂಬಳಿ ಐತಲ್ಲ, ಅದರಡಿ ಇಡು."

ಮುದುಕಿ ತಲೆದೂಗಿದಳು. ಹತ್ತಿರದಲ್ಲಿ ಒಂದು ವೈರೂ ಇಲ್ಲದ ಜಾಗ ಅದೊಂದೇ.

ಭಾನುವಾರ ಮೊಮ್ಮಗನ ಕಾಲಿಗೆ ಕಪ್ಪು ಬಿಳುಪಿನ ದಾರ ಕಟ್ಟಿ ನಿಲ್ಲಿಸಿದರು. ಊರ ಮಕ್ಕಳು ಪಂದ್ಯ ಕಟ್ಟಿ ದೂರದಿಂದ ಓಡಿ ಬಂದರು, ಗೆದ್ದವಳು ದಾರ ಕತ್ತರಿಸಿದಳು. ಕೂಸು ನಾಲ್ಕು ಹೆಜ್ಜೆ ಇಟ್ಟು ಸೀದಾ ಸಗಣಿಯ ಮೇಲೆ ಕೂತಿತು. ಎಲ್ಲರಿಗೂ ಸಂತೋಷವಾಯಿತು. ಊಟಕ್ಕೆ ಕೂತರು. ಎಸೆನ್ಕುಲ್ ಎರವಲು ಟೋಪಿ ಹಾಕಿಕೊಂಡು ಬಂದಿದ್ದ. ಅದು ಕಿವಿಯವರೆಗೆ ಇಳಿಯುತ್ತಿತ್ತು. ಒಂದು ಕುರಿಗೆ ಸೊಂಟದ ಮೂಳೆ ಎರಡೇ. ಒಂದು ಊರ ಹಿರಿಯನಿಗೆ ಹೋಯಿತು. ಇನ್ನೊಂದು ಅವನ ಮೂಗಿನ ಮುಂದೆಯೇ ಹಾದು, ಆವಿಯಾಡುತ್ತ, ಪಕ್ಕದ ಹಳ್ಳಿಯ ನಿವೃತ್ತ ಮೇಷ್ಟರ ಮುಂದೆ ಕೂತಿತು. ತೊಕ್ತೊಮುಶ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಕಾರು ನಿಂತಿತ್ತು, ಬೆನ್ನಿನ ಗೆಣ್ಣು ಬಂತು.

ಜನ ಚಹಾ ಹೀರಿದರು.

ಆಗ ಒಳಗೋಣೆಯ ಹೆಂಗಸರ ಸಾಲಿನಿಂದ ಕನಿಂಬು ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಚಾಚಿದ ಕಾಲುಗಳನ್ನೆಲ್ಲ ದಾಟಿಕೊಂಡು ಗಂಡಸರ ನಡುವೆ ಬಂದಳು. ಮನೆಯ ಹಿರಿಮುದುಕಿಗೆಂದೇ ಬಂದಿದ್ದ ಬಾಲದ ಬುಡದ ಮೂಳೆಯನ್ನು ತೆಗೆದು ಎಸೆನ್ಕುಲನ ತಟ್ಟೆಯ ಮೇಲಿಟ್ಟು, ಅವನ ಗೆಣ್ಣನ್ನು ತಾನು ಎತ್ತಿಕೊಂಡಳು. ಅರವತ್ತು ಬಾಯಿ ಅಗಿಯುವುದನ್ನು ನಿಲ್ಲಿಸಿದವು.

"ಅಮ್ಮಾ," ಎಂದ ತೊಕ್ತೊಮುಶ್, "ಅದು ನಿನ್ನ ಪಾಲು."

"ನನ್ನ ಪಾಲಾದ್ದಕ್ಕೇ ಕೊಟ್ಟೆ. ನಿಂದಾಗಿದ್ರೆ ಕೇಳ್ಬೇಕಿತ್ತು," ಎಂದು ಆಕೆ ಹಿಂತಿರುಗಿದಳು.

ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಾಗೆಂದು ನಗುವುದನ್ನು ಬಿಡಲಿಲ್ಲ. ಹಿರಿಯಜ್ಜಿಗೆ ನಮಸ್ಕಾರ ಎಂದು ಒಬ್ಬ, ಸೊಂಟ ನೋವು ಹೇಗಿದೆ ಅಜ್ಜಿ ಎಂದು ಇನ್ನೊಬ್ಬ. ಮೇಷ್ಟರು ತಮ್ಮ ತಲೆದಿಂಬನ್ನೇ ಎತ್ತಿ ಅವನ ಬೆನ್ನಿಗೆ ಒತ್ತುಕೊಟ್ಟರು. ಎಸೆನ್ಕುಲ್ ಚಾಕು ತೆಗೆದು ಆ ಮೂಳೆಯನ್ನು ನೊಣಕ್ಕೂ ಏನೂ ಉಳಿಯದಂತೆ ಬಿಡಿಸಿ ತಿಂದ. ಕೊಬ್ಬು ಮೀಸೆಯಿಂದ ಇಳಿದು ಗದ್ದಕ್ಕೆ ಬಂತು, ಅದನ್ನೂ ಬಿಡಲಿಲ್ಲ.

ಮನೆಗೆ ನಡೆದು ಬರುವಾಗ ಬುರುಲ್ ಅರ್ಧ ದಾರಿಯವರೆಗೆ ತಡೆದುಕೊಂಡಳು. ಅದೇ ಹೆಚ್ಚು.

"ಸೊಂಟದ ಮೂಳೆಗೆ ಅಂತ ಹೋಗಿ ಮುದುಕಿ ಮೂಳೆ ತಿಂದ್ಕೊಂಡು ಬಂದ್ರಲ್ರೀ."

"ಕುರಿ ಬಿಡಿಸಿ ನೋಡೇ," ಎಂದ ಎಸೆನ್ಕುಲ್. "ಅದಕ್ಕೂ ಇದಕ್ಕೂ ನಡುವೆ ಎರಡು ಬೆರಳೂ ಇಲ್ಲ."